ಮೂರನೇ ತರಗತಿಯ ಹೊತ್ತಿಗೆ ಮಾಸುವುದೇನು, ಉಳಿಯುವುದೇನು?

ಶಾಲಾ ದಾಖಲಾತಿಯ ದಿನಗಳು ಹತ್ತಿರವಾದಂತೆ ಈ ಅಂಕಣಕ್ಕೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ‘ಯಾವ ಶಾಲೆ ಒಳ್ಳೆಯದು, ಹೆಸರು ಹೇಳಿ’ ಎನ್ನುವವರಿಗೆ ನಾನು ಉತ್ತರಿಸುವುದಿಲ್ಲ. ಉಳಿದವುಗಳಲ್ಲಿ ಒಂದು ಪ್ರಶ್ನೆಗೆ ಮಾತ್ರ ದೀರ್ಘ ಉತ್ತರದ ಅಗತ್ಯವಿದೆ.

ಪ್ರಶ್ನೆ: ಮೇಡಂ, ನಾಲ್ಕು ವರ್ಷದ ಮಗಳು ಊರಿನ ಅಂಗನವಾಡಿಗೆ ಹೋಗುತ್ತಾಳೆ. ಅಲ್ಲಿ ಹಾಡು, ಆಟ, ಊಟ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಪಕ್ಕದ ಮನೆಯ ಮಗು ಕಾನ್ವೆಂಟಿನಲ್ಲಿ ಆಗಲೇ ನೂರರವರೆಗೆ ಬರೆಯುತ್ತದೆ. ಒಂದನೇ ತರಗತಿಗೆ ಮುಂಚಿನ ಇಂಥ ಕಲಿಕೆಯ ಲಾಭ ಮೂರನೇ ತರಗತಿಯ ಹೊತ್ತಿಗೆ ಮಾಸಿಹೋಗುತ್ತದೆ ಎಂದು ಅಮೆರಿಕದ ಅಧ್ಯಯನ ಹೇಳಿದೆಯಂತೆ. ಸಾಲ ಮಾಡಿ ಕಾನ್ವೆಂಟಿಗೆ ಸೇರಿಸಬೇಕೆ, ಅಥವಾ ಒಂದನೇ ತರಗತಿಯವರೆಗೆ ಮನೆಯಲ್ಲೇ ಇಟ್ಟುಕೊಳ್ಳಬಹುದೆ?

ಉತ್ತರ: ಎರಡೂ ಬೇಡ. ಮೊದಲು ‘ಮಾಸಿಹೋಗುವ’ ಮಾತನ್ನು ನೋಡೋಣ, ಏಕೆಂದರೆ ಅದನ್ನು ಅರ್ಧ ಓದಿದವರು ಊರೆಲ್ಲ ಹಂಚುತ್ತಿದ್ದಾರೆ.

ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯ ಪೆರಿ ಶಾಲೆಯಲ್ಲಿ 1962ರಿಂದ 1967ರವರೆಗೆ ಒಂದು ಪ್ರಯೋಗ ನಡೆಯಿತು. ಬಡ ಆಫ್ರಿಕನ್-ಅಮೆರಿಕನ್ ಕುಟುಂಬಗಳ 123 ಮಕ್ಕಳಲ್ಲಿ 58 ಮಂದಿಗೆ ಮೂರು–ನಾಲ್ಕನೇ ವಯಸ್ಸಿನಲ್ಲಿ ಶಾಲಾಪೂರ್ವ ಶಿಕ್ಷಣ ದೊರೆಯಿತು, ಉಳಿದವರಿಗೆ ದೊರೆಯಲಿಲ್ಲ. ಆ ಮಕ್ಕಳ ಐಕ್ಯೂನಲ್ಲಿ ಕಂಡ ಏರಿಕೆ ಕೆಲವೇ ವರ್ಷಗಳಲ್ಲಿ ಇಳಿದುಹೋಯಿತು. ನಿಮ್ಮ ಕಿವಿಗೆ ಬಿದ್ದಿರುವ ಸುದ್ದಿ ಇಲ್ಲಿಗೇ ನಿಲ್ಲುತ್ತದೆ, ಆದರೆ ಸಂಶೋಧಕರು ನಿಲ್ಲಲಿಲ್ಲ. ಅದೇ ಮಕ್ಕಳು ನಲವತ್ತು ವರ್ಷದವರಾದಾಗ ನೋಡಿದರೆ, ಶಿಕ್ಷಣ ಪಡೆದವರಲ್ಲಿ ಶೇ 77ರಷ್ಟು ಮಂದಿ ಪ್ರೌಢಶಾಲೆ ಮುಗಿಸಿದ್ದರು, ಪಡೆಯದವರಲ್ಲಿ ಶೇ 60. ಐದು ಅಥವಾ ಹೆಚ್ಚು ಬಾರಿ ಪೊಲೀಸರಿಂದ ಬಂಧಿತರಾದವರು ಮೊದಲ ಗುಂಪಿನಲ್ಲಿ ಶೇ 36, ಎರಡನೆಯದರಲ್ಲಿ ಶೇ 55. ಅರ್ಥಶಾಸ್ತ್ರದ ನೊಬೆಲ್ ಪಡೆದ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು ಇಲ್ಲಿ ಹೂಡಿದ ಹಣಕ್ಕೆ ವರ್ಷಕ್ಕೆ ಶೇ 7ರಿಂದ 10ರಷ್ಟು ಪ್ರತಿಫಲ ಬಂದಿದೆಯೆಂದು ಲೆಕ್ಕಹಾಕಿದರು. ಅದರ ದೊಡ್ಡ ಪಾಲು ಬಂದದ್ದು ಅಪರಾಧ ಕಡಿಮೆಯಾದದ್ದರಿಂದ, ಅಂದರೆ ಆ ಶಾಲೆಯ ಮೆಟ್ಟಿಲನ್ನೇ ಹತ್ತದ ನೆರೆಹೊರೆಯವರಿಗೂ ಲಾಭವಾಯಿತು.

ಬಾಸ್ಟನ್ ನಗರದಲ್ಲಿ 1997ರಿಂದ 2003ರವರೆಗೆ ಸರ್ಕಾರಿ ಶಾಲಾಪೂರ್ವ ತರಗತಿಗಳಲ್ಲಿ ಲಾಟರಿಯ ಮೂಲಕ ಸೀಟು ಸಿಕ್ಕ ಮಕ್ಕಳ ಕಥೆಯೂ ಇಂಥದ್ದೇ. ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಆದರೆ ಮುಂದೆ ಕಾಲೇಜು ಸೇರಿದವರು ಹೆಚ್ಚಾದರು, ಶಿಸ್ತಿನ ದೂರುಗಳು ಕಡಿಮೆಯಾದವು. ಅಂಕಗಳು ಅಳೆಯದ ಏನನ್ನೋ ಆ ಮಕ್ಕಳು ಕಲಿತಿದ್ದರು: ಸರದಿಗೆ ಕಾಯುವುದು, ಹಿಡಿದ ಕೆಲಸವನ್ನು ಮುಗಿಸುವುದು, ಸಿಟ್ಟನ್ನು ಮಾತಿನಲ್ಲಿ ಹೇಳುವುದು ಅವುಗಳಲ್ಲಿ ಕೆಲವಾಗಿರಬಹುದು.

ಇಷ್ಟು ಓದಿ ಯಾವುದಾದರೂ ಪ್ರಿ-ಸ್ಕೂಲಿಗೆ ಓಡಬೇಡಿ. ಟೆನೆಸ್ಸಿ ರಾಜ್ಯದ ಸರ್ಕಾರಿ ಕಾರ್ಯಕ್ರಮದಲ್ಲಿ ಕಲಿತ ಮಕ್ಕಳು ಆರನೇ ತರಗತಿಯ ಹೊತ್ತಿಗೆ, ಸೀಟು ಸಿಗದ ಮಕ್ಕಳಿಗಿಂತ ಅಂಕಗಳಲ್ಲೂ ನಡವಳಿಕೆಯಲ್ಲೂ ಹಿಂದಿದ್ದರೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಶಾಲಾಪೂರ್ವ ಶಿಕ್ಷಣ ತನ್ನಷ್ಟಕ್ಕೆ ಒಳ್ಳೆಯದಲ್ಲ, ಒಳ್ಳೆಯ ಶಾಲಾಪೂರ್ವ ಶಿಕ್ಷಣ ಮಾತ್ರ ಒಳ್ಳೆಯದು. ಪೆರಿ ಶಾಲೆಯಲ್ಲಿ ಸುಮಾರು ಆರು ಮಕ್ಕಳಿಗೆ ಒಬ್ಬ ಶಿಕ್ಷಕಿಯಿದ್ದರು, ಅವರು ವಾರಕ್ಕೊಮ್ಮೆ ಮನೆಗೆ ಬಂದು ತಾಯಿ-ಮಗುವಿನೊಂದಿಗೆ ಒಂದೂವರೆ ಗಂಟೆ ಕಳೆಯುತ್ತಿದ್ದರು. ಹೆಕ್‌ಮನ್ ಅವರ ಹೆಸರನ್ನು ಕರಪತ್ರದಲ್ಲಿ ಅಚ್ಚು ಹಾಕಿ, ನಲವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ ಲಕ್ಷ ರೂಪಾಯಿ ಕೇಳುವವರಿಗೆ ಆ ಲೆಕ್ಕವನ್ನು ಬಳಸುವ ಹಕ್ಕಿಲ್ಲ. ಆ ಲಾಭ ಕಂಡದ್ದು ಬಡ ಮಕ್ಕಳಲ್ಲಿ ಎಂಬುದನ್ನೂ ಅವರು ಹೇಳುವುದಿಲ್ಲ. ಮನೆತುಂಬ ಪುಸ್ತಕ, ಮಾತು, ಸಮಯ ಇರುವ ಮಗುವಿಗೆ ಸಿಗುವ ಹೆಚ್ಚುವರಿ ಲಾಭ ಸಾಮಾನ್ಯವಾಗಿ ಕಡಿಮೆ.

ಪಕ್ಕದ ಮನೆಯ ಮಗು ನೂರರವರೆಗೆ ಬರೆಯುತ್ತದೆ ಎಂದಿರಿ. ಅದರ ಮುಂದೆ ಒಂದು ಹಿಡಿ ಕಡಲೆಬೀಜ ಇಟ್ಟು ‘ಏಳು ಕೊಡು’ ಎಂದು ಕೇಳಿ ನೋಡಿ. ಕೊಡದಿದ್ದರೆ ಅದು ಅಂಕಿಗಳ ಚಿತ್ರ ಬರೆಯುತ್ತಿದೆ, ಅಷ್ಟೆ. ರಾಜಸ್ಥಾನ, ಅಸ್ಸಾಂ ಮತ್ತು ಅವಿಭಜಿತ ಆಂಧ್ರದಲ್ಲಿ ಸುಮಾರು 14,000 ಮಕ್ಕಳನ್ನು ಹಿಂಬಾಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು: ಖಾಸಗಿ ಶಾಲೆಗಳು ಒಂದನೇ ತರಗತಿಯ ಪಾಠವನ್ನೇ ಕೆಳಕ್ಕಿಳಿಸಿ ಉರು ಹೊಡೆಸುತ್ತಿವೆ, ಅಂಗನವಾಡಿಗಳಲ್ಲಿ ಕಲಿಕೆಗೆ ಸಮಯವೇ ಸಾಲುತ್ತಿಲ್ಲ.

ಹೌದು, ಅಂಗನವಾಡಿಯ ಕೊರತೆಯೂ ನಿಜವೇ. ಆದರೆ ಕೊರತೆ ಹಾಡು, ಆಟದಲ್ಲಿಲ್ಲ. ಒಬ್ಬ ಕಾರ್ಯಕರ್ತೆ ಆಹಾರ, ತೂಕ, ರಿಜಿಸ್ಟರು, ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್, ಸಮೀಕ್ಷೆ ಎಲ್ಲವನ್ನೂ ಮುಗಿಸಿ ಮಕ್ಕಳ ಬಳಿ ಕುಳಿತುಕೊಳ್ಳಬೇಕು. ತಮಿಳುನಾಡಿನ ಅಂಗನವಾಡಿಗಳಲ್ಲಿ ಕಲಿಕೆಗೆಂದೇ ಅರ್ಧ ದಿನದ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟು ನೋಡಿದಾಗ ಕಲಿಕೆಯ ಸಮಯ ಇಮ್ಮಡಿಯಾಯಿತು, ಗಣಿತ ಮತ್ತು ಭಾಷೆಯ ಕಲಿಕೆ ಏರಿತು, ಕುಂಠಿತ ಬೆಳವಣಿಗೆಯ ಮಕ್ಕಳ ಪ್ರಮಾಣವೂ ಇಳಿಯಿತು.

ಆದ್ದರಿಂದ ಒಂದು ಬೆಳಿಗ್ಗೆ ಹೋಗಿ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿ. ಟೀಚರ್ ಕಥೆಯ ನಡುವೆ ‘ಆಮೇಲೆ ಏನಾಗಬಹುದು?’ ಎಂದು ಕೇಳುತ್ತಾರೆಯೇ, ಮಕ್ಕಳು ಅವರಿಗಿಂತ ಹೆಚ್ಚು ಮಾತಾಡುತ್ತಾರೆಯೇ, ಹುಣಸೆಬೀಜವೋ ಮಣ್ಣೋ ಮಕ್ಕಳ ಕೈಗೆ ಸಿಗುತ್ತದೆಯೇ? ಸಿಗುತ್ತಿದ್ದರೆ ಮಗಳನ್ನು ಅಲ್ಲೇ ಬಿಡಿ, ಸಾಲದ ಹಣ ಉಳಿಯಲಿ. ಇಲ್ಲದಿದ್ದರೆ ಅಂಗನವಾಡಿಯನ್ನು ನೋಡಿಕೊಳ್ಳುವ ಬಾಲ ವಿಕಾಸ ಸಮಿತಿಯ ಸಭೆಯಲ್ಲಿ ಕೇಳಿ. ಮನೆಯಲ್ಲಿ ಇಟ್ಟುಕೊಳ್ಳುವುದಂತೂ ಬೇಡ. ಓರಗೆಯ ಮಕ್ಕಳ ಜೊತೆ ಜಗಳವಾಡಿ ರಾಜಿಯಾಗುವುದನ್ನು ನೀವು ಒಬ್ಬರೇ ಕಲಿಸಲಾರಿರಿ.

ಪ್ರಶ್ನೆ: ಬೆರಳಚ್ಚು ನೋಡಿ ಮಗುವಿನ ಪ್ರತಿಭೆ ತಿಳಿಸುತ್ತಾರಂತೆ. ಮಾಡಿಸಬಹುದೆ? ಕಣ್ಣಿಗೆ ಬಟ್ಟೆ ಕಟ್ಟಿ ಓದಿಸಿ ತೋರಿಸುವ, ಮಿದುಳನ್ನು ‘ಆಕ್ಟಿವೇಟ್’ ಮಾಡುವ ತರಗತಿ ಹೇಗೆ?

ಉತ್ತರ: ಮೊದಲನೆಯದು ಕೈ ನೋಡಿ ಹೇಳುವ ಶಾಸ್ತ್ರಕ್ಕೆ ಕಂಪ್ಯೂಟರ್ ಜೋಡಿಸಿದ್ದು, ಎರಡನೆಯದು ಕಣ್ಣಿಗೆ ಕಟ್ಟಿದ ಬಟ್ಟೆಯ ಸಂದಿಯಲ್ಲಿ ಇಣುಕುವ ಜಾದೂ. ಹಣ ಕೊಟ್ಟಾಗಿದ್ದರೆ ವಾಪಸ್ ಕೇಳಿ.

ಪ್ರಶ್ನೆ: ಆರು ವರ್ಷದೊಳಗೆ ಮಿದುಳು ಶೇ 90ರಷ್ಟು ಬೆಳೆಯುತ್ತದೆ, ಆಮೇಲೆ ಕಲಿಸಲಾಗದು ಎನ್ನುತ್ತಾರಲ್ಲ?

ಉತ್ತರ: ಅದು ಮಿದುಳಿನ ಗಾತ್ರದ ಮಾತು, ಕಲಿಕೆಯ ಗಡುವಲ್ಲ.

ಪ್ರಶ್ನೆ: 2025–26ರಲ್ಲಿ ಐದು ವರ್ಷ ಐದು ತಿಂಗಳಿಗೇ ಒಂದನೇ ತರಗತಿಗೆ ಸೇರಿಸಿಕೊಂಡರು. ಆರು ತುಂಬುವವರೆಗೆ ಕಾದರೆ ನನ್ನ ಮಗನಿಗೆ ಒಂದು ವರ್ಷ ಹಾಳಾಗುವುದಿಲ್ಲವೆ?

ಉತ್ತರ: ಆ ಸಡಿಲಿಕೆ ಆ ಒಂದು ವರ್ಷಕ್ಕೆಂದು ಕೊಟ್ಟದ್ದು. ಆರು ತುಂಬುವವರೆಗೆ ಆಡಿದ ಮಗುವಿನ ವರ್ಷ ಹಾಳಾಗುವುದಿಲ್ಲ. ಜನನ ಪ್ರಮಾಣಪತ್ರದಲ್ಲಿ ದಿನಾಂಕ ತಿದ್ದಿಸುವ ಉಪಾಯ ಕೇಳಿ ನನಗೆ ಇನ್ನು ಬರೆಯಬೇಡಿ.

ಪ್ರಶ್ನೆ: ನಾನು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುತ್ತೇನೆ. ಒಂದೂವರೆ ವರ್ಷದ ಮಗುವನ್ನು ನೋಡಿಕೊಳ್ಳಲು ದೊಡ್ಡ ಮಗಳನ್ನು ಶಾಲೆ ಬಿಡಿಸಿದ್ದೇನೆ. ಚಿಕ್ಕದನ್ನು ಈಗಲೇ ನರ್ಸರಿಗೆ ಹಾಕಬಹುದೆ?

ಉತ್ತರ: ಈ ವಯಸ್ಸಿಗೆ ಬೇಕಾದದ್ದು ಪಾಠವಲ್ಲ, ನಂಬಿಕೆಯ ಕೈ, ಹೊತ್ತಿಗೆ ಊಟ ಮತ್ತು ನಿದ್ದೆ. ನಿಮ್ಮಂಥವರಿಗಾಗಿಯೇ ಗ್ರಾಮ ಪಂಚಾಯಿತಿಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ‘ಕೂಸಿನ ಮನೆ’ಗಳನ್ನು ತೆರೆದಿದ್ದಾರೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ಪಿಡಿಒ ಅವರನ್ನು ಕೇಳಿ, ಇಲ್ಲದಿದ್ದರೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ದೊಡ್ಡ ಮಗಳನ್ನು ಮಾತ್ರ ಅದಕ್ಕೆಲ್ಲ ಕಾಯದೆ ಈ ಸೋಮವಾರವೇ ಶಾಲೆಗೆ ಕಳುಹಿಸಿ.