ಅಕ್ಕನ ಬಂಗಾರ, ತಮ್ಮನ ಸಾಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆಗೆ ಬಂದವರು ಯಾದಗಿರಿ ಜಿಲ್ಲೆಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ, ವಯಸ್ಸು 43. ಸಾಲ ಅವರದ್ದಲ್ಲ, ತಮ್ಮನದು. ತಮ್ಮ ಕಲಬುರಗಿಯ ದಾಲ್‌ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತಾನೆ, ಪಗಾರ 32,000. ಊರವರ ತೊಗರಿ ಲೆಕ್ಕವನ್ನು ಪೈಸೆ ತಪ್ಪದಂತೆ ಇಡುವವನು ಸ್ವಂತ ಸಾಲವನ್ನು ಒಂದು ಹಾಳೆಯ ಮೇಲೂ ಬರೆದಿರಲಿಲ್ಲ. ಮಗನ ಜವಳಕ್ಕೆ ಘತ್ತರಗಿಯಲ್ಲಿ 600 ಮಂದಿಗೆ ಊಟ ಹಾಕಿಸಿದ್ದ. ಆಮೇಲೆ ಬೈಕ್, ಆಮೇಲೆ ಮೊಬೈಲ್.

"ಎರಡೂವರೆ ಲಕ್ಷ ಅದ ಅಂತಾನ್ರಿ. ನನ್ನ ಬಂಗಾರ ಅಡವಿಟ್ಟು ಒಮ್ಮೆಲೇ ಮುಟ್ಟಿಸಿಬಿಡ್ಲೇನು?" ಎಂದು ಅಕ್ಕ ಕೇಳಿದರು.

ಹಿಂದಿನ ವರ್ಷವೂ ಅವರು 80,000 ಕೊಟ್ಟಿದ್ದರು. ಅಷ್ಟೂ ಕ್ರೆಡಿಟ್ ಕಾರ್ಡಿಗೆ ಹೋಯಿತು, ಎಂಟು ತಿಂಗಳಲ್ಲಿ ಕಾರ್ಡ್ ಮತ್ತೆ ತುಂಬಿತು. ಮನೆಯವರು ಹೆಚ್ಚಾಗಿ ಎಡವುವುದು ಇಲ್ಲೇ. ಕಾರ್ಡಿನ ಬಾಕಿ ಕಟ್ಟಿದ ಕೂಡಲೇ ಅಷ್ಟೂ ಮಿತಿ ಖರ್ಚಿಗೆ ತೆರೆದುಕೊಳ್ಳುತ್ತದೆ. ಮಿತಿ ಇಳಿಸದೆ ಕೊಟ್ಟ ರೊಕ್ಕ ಹೊಸ ಸಾಲಕ್ಕೆ ಜಾಗ ಮಾಡಿಕೊಡುತ್ತದೆ, ಅಷ್ಟೇ.

ಹಾಗಾಗಿ ಮೊದಲ ಸಲಹೆ: ಪೂರ್ತಿ ಪಟ್ಟಿ ಕೈಗೆ ಬರುವತನಕ ಒಂದು ರೂಪಾಯಿಯನ್ನೂ ಕೊಡಬೇಡಿ. ದಿನಾ ಫೋನ್ ಮಾಡಿ "ಇವತ್ತೇನ್ ಕೊಂಡಿ?" ಎನ್ನುವುದನ್ನೂ ಬಿಡಿ, ಕೇಳಿದಷ್ಟೂ ಮುಚ್ಚಿಡುತ್ತಾನೆ. ಹೆಂಡತಿಯೂ ಇರುವಾಗ, ಉಂಡಾದ ಮೇಲೆ, ಇಷ್ಟು ಹೇಳಿ: "ತಮ್ಮಾ, ಯಾರ ಬಲ್ಲಿ ಎಷ್ಟದ ಎಲ್ಲಾ ಬರಿ. ನಾ ಬೈಯಲ್ಲ. ಬರೀಲಾರದ ಸಾಲಕ್ಕ ಮಾತ್ರ ರೊಕ್ಕ ಕೊಡಲ್ಲ."

ಎಲ್ಲ ಖಾತೆಗಳ ಆರು ತಿಂಗಳ ಸ್ಟೇಟ್‌ಮೆಂಟ್ ತರಿಸಲಾಯಿತು. ಯಾರ ಹೆಸರಲ್ಲಿ ಎಷ್ಟು ಸಾಲವಿದೆ ಎಂಬ ದಾಖಲೆ ಇಡುವ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಕಂಪನಿಗಳು ನಾಲ್ಕರಲ್ಲೂ ವರ್ಷಕ್ಕೊಮ್ಮೆ ಸಾಲದ ವರದಿ ಪುಕ್ಕಟೆ ಸಿಗುತ್ತದೆ. ಕೈಗಡ, ಭಿಶಿ (ಚೀಟಿ), ಸಹಿ ಮಾಡಿ ಕೊಟ್ಟ ಖಾಲಿ ಚೆಕ್ ಇವು ವರದಿಯಲ್ಲಿ ಕಾಣುವುದಿಲ್ಲ, ಬಾಯಿಬಿಟ್ಟೇ ಕೇಳಬೇಕು.

ಎರಡೂವರೆ ಲಕ್ಷ ಎಂದದ್ದು 6,54,000 ಆಯಿತು. ಅವನು ಸುಳ್ಳು ಹೇಳಿದ್ದನೆಂದಲ್ಲ. ಫೋನ್ ಮಾಡಿ ಕಾಡುವವರದ್ದಷ್ಟೇ ಅವನ ಲೆಕ್ಕದಲ್ಲಿತ್ತು. ತಿಂಗಳಿಗೆ ಹೋಗುತ್ತಿದ್ದದ್ದು ಹೀಗೆ: ಪರ್ಸನಲ್ ಲೋನ್ 7,400, ಬೈಕ್ 3,900, ಹೆಂಡತಿ ಹೆಸರಿನ ಸಂಘದ (ಮೈಕ್ರೊಫೈನಾನ್ಸ್) ಸಾಲ 2,800, ಮೂರು ಲೋನ್ ಆ್ಯಪ್‌ಗಳಿಗೆ 9,400, ನೂರಕ್ಕೆ ತಿಂಗಳಿಗೆ ಮೂರರಂತೆ ತಂದ ಒಂದೂವರೆ ಲಕ್ಷ ಕೈಗಡಕ್ಕೆ ಬಡ್ಡಿಯೇ 4,500, ಕಾರ್ಡಿನ ಕನಿಷ್ಠ ಮೊತ್ತ 7,000. ಒಟ್ಟು 35,000. ಪಗಾರ ಪೂರಾ ಕೊಟ್ಟರೂ 3,000 ಕಡಿಮೆ. ಮನೆಯ ಸಂತೆ ಹೊಸ ಸಾಲದಲ್ಲೇ ನಡೆಯುತ್ತಿತ್ತು.

ಕಾರ್ಡಿನ ಲೆಕ್ಕವನ್ನು ಅವನೆದುರೇ ಬಿಡಿಸಿದೆವು. ಬಾಕಿ 1,40,000, ತಿಂಗಳಿಗೆ ಶೇ 3.5ರಂತೆ ಬಡ್ಡಿ 4,900, ಅದರ ಮೇಲೆ ಶೇ 18 ಜಿಎಸ್‌ಟಿ 882. ಕಟ್ಟಿದ 7,000ದಲ್ಲಿ ಅಸಲಿಗೆ ಬಿದ್ದದ್ದು 1,218. ಅದೇ ಬಾಕಿಯನ್ನು ಬ್ಯಾಂಕಿಗೆ ಹೇಳಿ ಶೇ 18ರ ವಾರ್ಷಿಕ ಬಡ್ಡಿಯ 24 ಕಂತು ಮಾಡಿಸಿದರೆ ಕಂತು ಹೆಚ್ಚುಕಡಿಮೆ ಅದೇ 7,000. ಆದರೆ ಎರಡು ವರ್ಷಕ್ಕೆ ಮುಗಿಯುತ್ತದೆ. ಹಾಗೇ ಮಾಡಿಸಿ, ಮಿತಿ ಇಳಿಸಲಾಯಿತು.

ಅಕ್ಕ ಬಂಗಾರ ಮುಟ್ಟಲಿಲ್ಲ. ಠೇವಣಿಯಿಂದ ಒಂದು ಲಕ್ಷ ಕೊಟ್ಟರು, ಅದೂ ತಮ್ಮನ ಕೈಗಲ್ಲ. 46,000 ನೇರವಾಗಿ ಆ್ಯಪ್‌ಗಳಿಗೆ ಹೋಯಿತು. ಬಾಕಿ ಇಲ್ಲವೆಂಬ ಪತ್ರ ಪಡೆದು ಆಟೊಪೇ ರದ್ದು ಮಾಡಿಸಿದರು. ಉಳಿದ 54,000 ಕೈಗಡದ ಅಸಲಿಗೆ. ಬೈಕ್ ಮಾರಿ ಅದರ ಸಾಲ ಚುಕ್ತಾ. ಈಗ ಹೋಗುವುದು 20,080, ಮನೆಗೆ ಉಳಿಯುವುದು 11,920. ಬಿಗಿ ಬಿಗಿಯೇ.

ಎಲ್ಲ ಸೇರಿಸಿ ಒಂದೇ ದೊಡ್ಡ ಸಾಲ ತೆಗೆಯುತ್ತೇನೆ, ಅಕ್ಕ ಜಾಮೀನು ಹಾಕಲಿ ಎಂಬುದು ತಮ್ಮನ ಬೇಡಿಕೆ. ಬೇಡವೆಂದೆವು. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರನಷ್ಟೇ. ಸಹಿ ಹಾಕದಿದ್ದರೆ ಅಕ್ಕನೆಂಬ ಕಾರಣಕ್ಕೆ ಯಾರೂ ಅವರಿಂದ ವಸೂಲಿ ಮಾಡುವಂತಿಲ್ಲ. ಸಂಘದ ಸಾಲದವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಬೆದರಿಸಿದರೆ ಠಾಣೆಯಲ್ಲಿ ದೂರು ಕೊಡಬಹುದು.

ಇಷ್ಟೆಲ್ಲದಕ್ಕಿಂತ ಮೊದಲು, ಅಂದೇ ಆಗಬೇಕಿದ್ದ ಕೆಲಸವೊಂದಿತ್ತು. "ನಾನೇ ಇಲ್ಲಂದ್ರ ಎಲ್ಲಾ ಮುಗೀತದ" ಎಂದು ತಮ್ಮ ಅಂದಿದ್ದನಂತೆ. ಸಾಯುವ ವಿಚಾರ ಬಂದಿದೆಯೇ ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ, ಒಂಟಿ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ ಎಂದು ಅಕ್ಕನಿಗೆ ಹೇಳಿದೆವು. ನಿದ್ದೆ ತೀರಾ ಇಳಿದು, ಮಾತು, ಹುರುಪು, ಖರೀದಿ ಒಟ್ಟಿಗೇ ಏರಿದ ದಿನಗಳಿದ್ದವೇ ಎಂದೂ ವಿಚಾರಿಸಿದೆವು. ಹಾಗಿದ್ದರೆ ಲೆಕ್ಕದ ಪಟ್ಟಿ ಸಾಲದು, ಮನೋವೈದ್ಯರೇ ನೋಡಬೇಕು. ಇವನಿಗೆ ಅದಿರಲಿಲ್ಲ.

ನಾಲ್ಕು ತಿಂಗಳಾಗಿದೆ. ಕೈಗಡದವರ ಬಳಿಯಿದ್ದ ಎರಡು ಖಾಲಿ ಚೆಕ್‌ಗಳಲ್ಲಿ ಒಂದು ವಾಪಸ್ ಬಂದಿದೆ. ಇನ್ನೊಂದು ಬರುವತನಕ ಉಳಿದ 96,000 ಒಮ್ಮೆಲೇ ಕೊಡಬೇಡಿ, ಕೊಡುವುದನ್ನೂ ಬ್ಯಾಂಕಿನ ಮೂಲಕವೇ ಕೊಡಿ ಎಂದು ಹೇಳಿ ಕಳಿಸಿದ್ದೇವೆ.