ಕಲ್ಲುಹೂವಿನ ಮೇಲಿನ ಕಪ್ಪು ಚುಕ್ಕಿಗಳ ಕುರಿತು
ಕಲ್ಲುಹೂವಿನ (ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಲೈಕನ್‌ನ) ಮೇಲೆ ಕಂಡ ಕಪ್ಪು ಚುಕ್ಕಿಗಳು ಬೇರೊಂದು ಶಿಲೀಂಧ್ರವೇ, ಆಗಿದ್ದರೆ ಅದು ಯಾವ ಗುಂಪಿಗೆ ಸೇರುತ್ತದೆ ಎಂದು ತಾವು ಕೇಳಿದ್ದೀರಿ. ಕಲ್ಲುಹೂವಿನದೇ ಪಿಕ್ನಿಡಿಯಾಗಳೂ (ಬೀಜಕಗಳು ಹುಟ್ಟುವ ಸಣ್ಣ ಕುಡಿಕೆಗಳು) ಕಪ್ಪು ಚುಕ್ಕಿಗಳಂತೆಯೇ ಕಾಣುವುದರಿಂದ, ಸೂಕ್ಷ್ಮದರ್ಶಕದಲ್ಲಿ ಬೀಜಕಗಳನ್ನು ನೋಡದೆ ತೀರ್ಮಾನಿಸುವುದು ಸರಿಯಲ್ಲ. ಬೇರೆ ಶಿಲೀಂಧ್ರವೇ ಆಗಿದ್ದರೆ ಅಬ್ರೋಥ್ಯಾಲಸ್ ಅಥವಾ ಲೈಕನೋಕೋನಿಯಂ ಕುಲವನ್ನು ಮೊದಲು ಪರಿಶೀಲಿಸಿ.

ಕಲ್ಲುಹೂವುಗಳನ್ನೇ ಆಶ್ರಯಿಸಿದ ಸುಮಾರು 2000 ಶಿಲೀಂಧ್ರ ಪ್ರಭೇದಗಳು 2018ರ ಪಟ್ಟಿಯಲ್ಲಿವೆ. ಬಹುಪಾಲು ಆಸ್ಕೋಮೈಕೋಟಾ ಎಂಬ ಶಿಲೀಂಧ್ರ ವಿಭಾಗಕ್ಕೂ, ಟ್ರೆಮೆಲ್ಲಾದಂಥ ಕೆಲವು ಬೆಸಿಡಿಯೋಮೈಕೋಟಾ ವಿಭಾಗಕ್ಕೂ ಸೇರಿವೆ. ಆದರೆ ಇವು ಒಂದೇ ವಂಶದವಲ್ಲ. ಈ ಜೀವನಕ್ರಮ ಶಿಲೀಂಧ್ರಗಳಲ್ಲಿ ಹಲವು ಬಾರಿ ಪ್ರತ್ಯೇಕವಾಗಿ ವಿಕಾಸಗೊಂಡಿದೆ. ಡಿಪ್ಲೋಸ್ಕಿಸ್ಟಿಸ್ ಮಸ್ಕೋರಂ ಎಂಬ ಶಿಲೀಂಧ್ರವಂತೂ (ನನಗೆ ಅತ್ಯಂತ ಕುತೂಹಲಕರವಾದದ್ದು ಇದೇ) ಕ್ಲಾಡೋನಿಯಾ ಎಂಬ ಕಲ್ಲುಹೂವಿನ ಮೇಲೆ ಪರಾವಲಂಬಿಯಾಗಿ ಬೆಳೆಯತೊಡಗಿ, ಅದರ ಪಾಚಿಯನ್ನು ತನ್ನದಾಗಿಸಿಕೊಂಡು, ಕಾಲಕ್ರಮದಲ್ಲಿ ತಾನೇ ಸ್ವತಂತ್ರ ಕಲ್ಲುಹೂವಾಗಿಬಿಡುತ್ತದೆ. ಆದ್ದರಿಂದ ಮಾದರಿಯೊಂದಿಗೆ ಆಶ್ರಯದಾತ ಕಲ್ಲುಹೂವಿನ ಹೆಸರನ್ನೂ ತಪ್ಪದೆ ದಾಖಲಿಸಿ.