'ಇದೊಂದು ಮುಗಿಯಲಿ, ಆಮೇಲೆ' ಅನ್ನುತ್ತಲೇ ದಿನ ಕಳೆಯುತ್ತಿದೆಯೇ?

ಓದುಗರ ಪ್ರಶ್ನೆಗೆ ಆಪ್ತಸಮಾಲೋಚಕರ ಉತ್ತರ

ಪ್ರಶ್ನೆ: ನನಗೀಗ 34 ವರ್ಷ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಕೆಲಸದ ಜೊತೆಗೇ ನಾಲ್ಕು ವರ್ಷ ಓದಿ ಒಂದು ಕಷ್ಟದ ಪರೀಕ್ಷೆ ಪಾಸು ಮಾಡಿದೆ, ಅದರಿಂದ ಬಡ್ತಿಯೂ ಸಿಕ್ಕಿತು. ಫಲಿತಾಂಶ ಬಂದ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಲ್ಯಾಪ್‌ಟಾಪ್ ತೆರೆದು ಮುಂದಿನ ಕೋರ್ಸ್ ಯಾವುದೆಂದು ಹುಡುಕುತ್ತಿದ್ದೆ. ಹೋದ ವಾರ ಐದು ವರ್ಷದ ಮಗಳು ಮೊದಲ ಬಾರಿ ತಾನೇ ಶೂ ಲೇಸ್ ಕಟ್ಟಿಕೊಂಡು "ಅಪ್ಪಾ, ನೋಡು" ಅಂದಳು. "ಹ್ಞೂಂ, ಜಾಣೆ" ಅಂದೆ. ಅವಳು ಅದನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದಳು. ಆಗಲೂ ನನ್ನ ಕಣ್ಣು ಮೊಬೈಲಿನಲ್ಲೇ ಇತ್ತು. ಮೂರನೇ ಸಲ ಅವಳು ನನ್ನನ್ನು ಕರೆಯಲಿಲ್ಲ. ಅದು ಮನಸ್ಸಿಗೆ ಚುಚ್ಚುತ್ತಲೇ ಇದೆ. ಆದರೆ ಓದು ನಿಲ್ಲಿಸಿದರೆ ಹಿಂದೆ ಬೀಳುತ್ತೇನೆಂಬ ಭಯವೂ ಇದೆ. ಮಹತ್ವಾಕಾಂಕ್ಷೆಯನ್ನು ಬಿಟ್ಟುಬಿಡಬೇಕೇ?
— ಹೆಸರು ಬೇಡ

ಉತ್ತರ: ಬಿಡಬೇಡಿ. ದುಡಿಯುತ್ತಲೇ ಓದಿ ದಡ ಸೇರಿದವರಿಗೆ "ಆಸೆ ಕಡಿಮೆ ಮಾಡಿಕೊಳ್ಳಿ" ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಹಾಗೆ ಹೇಳಿದರೂ ಅದರಿಂದ ನಿಮಗೆ ಉಪಯೋಗವಾಗದು. ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ನಿಮ್ಮನ್ನು ಹಿಂಡುತ್ತಿರುವುದು ಆ ಆಸೆಗೆ ನೀವೇ ಕಟ್ಟಿರುವ ಒಂದು ಷರತ್ತು: 'ಇದೊಂದು ಮುಗಿಯಲಿ, ಆಮೇಲೆ.' ಪರೀಕ್ಷೆ ಮುಗಿಯಲಿ, ಆಮೇಲೆ ಮಗಳ ಜೊತೆ ಕೂರೋಣ. ಬಡ್ತಿ ಬರಲಿ, ಆಮೇಲೆ ನೆಮ್ಮದಿಯಾಗಿ ನಿದ್ದೆ ಮಾಡೋಣ. ಎರಡೂ ಆಯಿತು. ಆ 'ಆಮೇಲೆ' ಮಾತ್ರ ಇನ್ನೂ ಬಂದಿಲ್ಲ.

ಅದು ಬಾರದಿರುವುದಕ್ಕೆ ಒಂದು ಕಾರಣ ಮೆದುಳಿನಲ್ಲೇ ಇದೆ. ನಮಗೆ ಏನಾದರೂ 'ಬೇಕು' ಅನ್ನಿಸುವುದೂ, ಸಿಕ್ಕಿದಾಗ 'ಹಿತವಾಗಿದೆ' ಅನ್ನಿಸುವುದೂ ಒಂದೇ ಎಂದುಕೊಂಡಿರುತ್ತೇವೆ. ಮಿಷಿಗನ್ ವಿಶ್ವವಿದ್ಯಾಲಯದ ನರವಿಜ್ಞಾನಿ ಕೆಂಟ್ ಬೆರಿಡ್ಜ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಇವೆರಡೂ ಬೇರೆ ಬೇರೆ ಎಂದು ತೋರಿಸಿದರು. ಡೋಪಮಿನ್ ಎಂಬ ರಾಸಾಯನಿಕ ಬಹುಪಾಲು ಇಲ್ಲವಾದ ಇಲಿಗಳು ಎದುರಿಗಿಟ್ಟ ಆಹಾರದ ಹತ್ತಿರವೂ ಸುಳಿಯುತ್ತಿರಲಿಲ್ಲ. ಆದರೆ ಸಿಹಿ ನೀರನ್ನು ಬಾಯಿಗೆ ಬಿಟ್ಟರೆ ತುಟಿ ನೆಕ್ಕಿಕೊಂಡು ಸವಿಯುತ್ತಿದ್ದವು. ಬಯಕೆ ಹೋಗಿತ್ತು, ಸವಿ ಉಳಿದಿತ್ತು. ಮನುಷ್ಯರಲ್ಲಿ ಇದರ ತಿರುವುಮುರುವನ್ನು ನಾನು ಆಗಾಗ ನೋಡುತ್ತೇನೆ. ವರ್ಷಗಟ್ಟಲೆ ಬಯಸುವುದನ್ನೇ ರೂಢಿ ಮಾಡಿಕೊಂಡವರಿಗೆ, ಬಯಸಿದ್ದು ಕೈಗೆ ಬಂದಾಗ ಅದನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಹಾಗಾಗಿ ಚೆನ್ನಾಗಿ ಗೊತ್ತಿರುವ ಕೆಲಸಕ್ಕೇ ಮರಳುತ್ತಾರೆ: ಇನ್ನೊಂದನ್ನು ಬಯಸುತ್ತಾರೆ. ಫಲಿತಾಂಶದ ರಾತ್ರಿ ನೀವು ಲ್ಯಾಪ್‌ಟಾಪ್ ತೆರೆದದ್ದನ್ನು ನಾನು ಅರ್ಥ ಮಾಡಿಕೊಳ್ಳುವುದು ಹೀಗೆ. ಅದನ್ನು ದುರಾಸೆ ಎಂದು ಬೈದುಕೊಳ್ಳಬೇಡಿ.

ದೂರದ ಬೆಟ್ಟ ನುಣ್ಣಗೆ ಎಂಬ ಮಾತಿಗೂ ಸಂಶೋಧನೆಯ ಆಧಾರವಿದೆ. ಮನೋವಿಜ್ಞಾನಿಗಳಾದ ಡೇನಿಯಲ್ ಗಿಲ್ಬರ್ಟ್, ಟಿಮೊತಿ ವಿಲ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರನ್ನು ಕೇಳಿದ್ದರು: ಹುದ್ದೆ ಕಾಯಂ ಆದರೆ ಎಷ್ಟು ಸಂತೋಷವಾಗಿರುತ್ತೀರಿ, ಆಗದಿದ್ದರೆ ಎಷ್ಟು ದುಃಖ? ಸಿಕ್ಕರೆ ವರ್ಷಗಟ್ಟಲೆ ಸಂತೋಷ, ಕೈತಪ್ಪಿದರೆ ಅಷ್ಟೇ ದೀರ್ಘ ದುಃಖ ಎಂಬುದು ಅವರ ಅಂದಾಜು. ನಿಜಕ್ಕೂ ಕಾಯಂ ಆದವರನ್ನೂ ಆಗದವರನ್ನೂ ಹೋಲಿಸಿ ನೋಡಿದರೆ, ಇಬ್ಬರ ಸಂತೋಷದ ನಡುವೆ ಅವರು ಊಹಿಸಿದಷ್ಟು ಅಂತರವೇ ಇರಲಿಲ್ಲ. ಇದನ್ನು ಓದಿ ಗುರಿಗಳೆಲ್ಲ ವ್ಯರ್ಥ ಎಂದುಕೊಳ್ಳಬೇಡಿ. ಕಾಯಂ ಹುದ್ದೆ ಒಂದು ಭದ್ರತೆ, ನಿಮ್ಮ ಬಡ್ತಿಯೂ ಅಷ್ಟೇ. ಆದರೆ ಅವು ಹೊರಬಲ್ಲ ಭಾರಕ್ಕೂ ಮಿತಿಯಿದೆ. ನಾಲ್ಕು ವರ್ಷ ಮುಂದೂಡಿದ ಸಂತೋಷವನ್ನೆಲ್ಲ ಒಂದು ಫಲಿತಾಂಶದ ತಲೆಯ ಮೇಲೆ ಹೇರಿದರೆ ಅದು ತಾನೇ ಹೇಗೆ ತಡೆದೀತು?

ಈಗ ನಿಮ್ಮ ಭಯದ ಮಾತು. ಈ ಹೊತ್ತನ್ನು ಅನುಭವಿಸಲು ಹೊರಟರೆ ಹಿಂದೆ ಬೀಳುತ್ತೇನೆ ಎನ್ನುತ್ತೀರಿ. ನನ್ನ ಅನುಭವ ಇದಕ್ಕೆ ಉಲ್ಟಾ. ಕೇಟ್ಲಿನ್ ವೂಲಿ ಮತ್ತು ಅಯೆಲೆಟ್ ಫಿಶ್‌ಬ್ಯಾಕ್ ಎಂಬ ಸಂಶೋಧಕಿಯರು ಹೊಸ ವರ್ಷದ ಸಂಕಲ್ಪ ಮಾಡಿದವರನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದ್ದೂ ಅದನ್ನೇ ಹೇಳುತ್ತದೆ. ಸಂಕಲ್ಪ ಹುಟ್ಟುವುದು 'ಮುಂದೆ ಲಾಭವಿದೆ' ಎಂಬ ಲೆಕ್ಕದಿಂದ. ಎರಡು ತಿಂಗಳ ನಂತರವೂ ಯಾರು ಅದಕ್ಕೆ ಅಂಟಿಕೊಂಡಿರುತ್ತಾರೆ ಎಂಬುದನ್ನು ಹೇಳಿದ್ದು ಮಾತ್ರ ಆ ಲೆಕ್ಕವಲ್ಲ, ಮಾಡುವಾಗ ಸಿಗುವ ಖುಷಿ. ಹಲ್ಲು ಕಚ್ಚಿಕೊಂಡು ಓದಿದವರೂ ಗೆಲ್ಲುತ್ತಾರೆ, ನೀವೇ ಗೆದ್ದಿದ್ದೀರಿ. ಆದರೆ ಇನ್ನೂ 25 ವರ್ಷದ ವೃತ್ತಿಜೀವನ ನಿಮ್ಮ ಮುಂದಿದೆ. ಅಷ್ಟು ದೂರವನ್ನು ಹಲ್ಲು ಕಚ್ಚಿಕೊಂಡೇ ನಡೆಯಲು ಯಾರಿಂದಲೂ ಆಗದು.

ಹಾಗಾಗಿ ಮುಂದಿನ ಕೋರ್ಸ್ ಆರಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರ ಪ್ರಮಾಣಪತ್ರ ನನಗೆ ಎಂದೂ ಸಿಗುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ, ಇದರ ಯಾವ ಭಾಗವನ್ನು ನಾನು ಆಗಲೂ ಓದುತ್ತಿದ್ದೆ? ಒಂದೂ ಇಲ್ಲ ಎಂದಾದರೆ ಆರು ತಿಂಗಳು ತಡೆಯಿರಿ. ಒಂದಾದರೂ ಇದ್ದರೆ ಅಲ್ಲಿಂದಲೇ ಶುರು ಮಾಡಿ.

ಎರಡನೆಯದಾಗಿ, ದಿನದ ಕೆಲಸಕ್ಕೆ ಮುಚ್ಚುವಂಥ ಒಂದು ಬಾಗಿಲು ಬೇಕು. ಮುಗಿಯದ ಕೆಲಸ ತಲೆಯಲ್ಲಿ ಕೊರೆಯುತ್ತಲೇ ಇರುತ್ತದೆ ಎಂಬುದನ್ನು ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಲ್ಲೇ ಗುರುತಿಸಿದ್ದರು. 2011ರಲ್ಲಿ ಮಾಸಿಕ್ಯಾಂಪೊ ಮತ್ತು ರಾಯ್ ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು ಇದಕ್ಕೆ ಇನ್ನೊಂದು ಮಾತು ಸೇರಿಸಿದರು: ಕೊರೆತ ನಿಲ್ಲಲು ಕೆಲಸ ಮುಗಿಯಲೇಬೇಕೆಂದಿಲ್ಲ, ಅದನ್ನು ಯಾವಾಗ, ಹೇಗೆ ಮುಂದುವರಿಸುತ್ತೇನೆ ಎಂಬ ಖಚಿತ ಯೋಜನೆ ಇದ್ದರೂ ಸಾಕು. ನನ್ನಲ್ಲಿಗೆ ಬರುವವರಿಗೆ ನಾನು ಹೇಳುವುದು ಇಷ್ಟು. ಓದು ಅಥವಾ ಕೆಲಸ ನಿಲ್ಲಿಸುವ ಮುಂಚೆ ಒಂದು ಚೀಟಿಯಲ್ಲಿ ಒಂದೇ ಸಾಲು ಬರೆಯಿರಿ. 'ನಾಳೆ ಓದಬೇಕು' ಎಂದು ಬರೆದರೆ ಸಾಲದು. 'ನಾಳೆ ಬೆಳಿಗ್ಗೆ 6ಕ್ಕೆ, ಮೂರನೇ ಅಧ್ಯಾಯ, ಪುಟ 112, ಎರಡನೇ ಲೆಕ್ಕದಿಂದ' ಎಂದಿರಬೇಕು. ಬರೆದು, ಪುಸ್ತಕದೊಳಗಿಟ್ಟು, ಪುಸ್ತಕ ಮುಚ್ಚಿ. ಮೊದಲ ನಾಲ್ಕೈದು ದಿನ ಬೆರಳುಗಳು ತಾವಾಗಿಯೇ ಪುಸ್ತಕದ ಕಡೆ ಹೋಗುತ್ತವೆ. ಹೋಗಲಿ, ಚೀಟಿ ಇದೆ ಎಂದು ನೋಡಿಕೊಂಡು ಮತ್ತೆ ಮುಚ್ಚಿ.

ಮೂರನೆಯದು ಮೊಬೈಲಿನ ವಿಷಯ. ಅದನ್ನು ಹೆಚ್ಚು ಎಳೆಯುವುದಿಲ್ಲ. ಮಗಳ ಜೊತೆಗಿರುವ ಹೊತ್ತಿನಲ್ಲಿ ಅದು ಬೇರೆ ಕೋಣೆಯಲ್ಲಿರಲಿ. ಆದರೆ ಮೊಬೈಲ್ ಇಲ್ಲದಿದ್ದರೂ ಮನಸ್ಸು ಅಲೆಯುತ್ತದೆ, ಗಾಬರಿಯಾಗಬೇಡಿ. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 2,250 ಜನರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ 'ಈಗ ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ' ಎಂದು ಕೇಳಿದಾಗ, ಶೇ 46.9ರಷ್ಟು ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸ ಬಿಟ್ಟು ಬೇರೆಲ್ಲೋ ಇತ್ತು. ಹಾಗೆ ಅಲೆಯುತ್ತಿದ್ದಾಗ ಜನ ಸಾಮಾನ್ಯವಾಗಿ ಕಡಿಮೆ ಸಂತೋಷದಲ್ಲಿದ್ದರು. ಅಂದರೆ ಅಲೆದಾಟ ಎಲ್ಲರಿಗೂ ಇದ್ದದ್ದೇ. ಅದನ್ನು ಗಮನಿಸಿ ವಾಪಸ್ ಕರೆತರುವುದಷ್ಟೇ ಅಭ್ಯಾಸದಿಂದ ಬರುವಂಥದ್ದು.

ಇನ್ನು ಆ ಶೂ ಲೇಸ್. ಮಗಳ ಹತ್ತಿರ ಹೋಗಿ "ಅವತ್ತು ನಾನು ನೋಡಲಿಲ್ಲ ಪುಟ್ಟಿ, ಇನ್ನೊಂದ್ಸಲ ಕಟ್ಟಿ ತೋರಿಸ್ತೀಯಾ?" ಎಂದು ಕೇಳಿ. ನೋಡಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿ, ಯಾಕೆಂದರೆ ಅವಳಿಗೆ ಅದು ಆಗಲೇ ಗೊತ್ತಿದೆ. ನೆಲದ ಮೇಲೆ ಕೂತು, ಅವಳು ಯಾವ ಬೆರಳಿನಿಂದ ಕುಣಿಕೆ ಹಿಡಿಯುತ್ತಾಳೆ, ಎಲ್ಲಿ ನಾಲಿಗೆ ಕಚ್ಚಿಕೊಳ್ಳುತ್ತಾಳೆ ಎಂದು ನೋಡಿ. ಸಡಿಲವಾಗಿ ಕಟ್ಟಿದರೂ ಸರಿಪಡಿಸಲು ಹೋಗಬೇಡಿ.

ಒಂದು ಎಚ್ಚರಿಕೆಯ ಮಾತು: ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ದಿನವಿಡೀ ಯಾವುದರಲ್ಲೂ ಖುಷಿ ಅನ್ನಿಸದೆ, ನಿದ್ದೆ, ಹಸಿವು ಏರುಪೇರಾಗಿದ್ದರೆ ಅದು ಬರೀ ಕೆಲಸದ ಒತ್ತಡ ಆಗಿರಲಿಕ್ಕಿಲ್ಲ. ಆಗ ಚೀಟಿ, ಅಭ್ಯಾಸ ಎಂದು ಕಾಯದೆ ಮನೋವೈದ್ಯರನ್ನು ಕಾಣಿ.

ಪ್ರಶ್ನೆ: ನನಗೆ 22. ಪದವಿ ಮುಗಿದಿದೆ. ಗೆಳತಿಯರಿಗೆಲ್ಲ ಐದು ವರ್ಷದ, ಹತ್ತು ವರ್ಷದ ಯೋಜನೆಗಳಿವೆ. ನನಗೆ ಅಂಥದ್ದೇನೂ ಇಲ್ಲ. ಇವತ್ತು ಚೆನ್ನಾಗಿದ್ದರೆ ಸಾಕು ಅನ್ನಿಸುತ್ತದೆ. ಮನೆಯಲ್ಲಿ ನನ್ನನ್ನು ಸೋಮಾರಿ ಅನ್ನುತ್ತಾರೆ. ಹೌದೇ?

ಉತ್ತರ: ಒಂದು ಪತ್ರ ಓದಿ ಸೋಮಾರಿ ಎಂದು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. ಆದರೆ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳುವ ದಾರಿ ಇದೆ. ಕಾಲದ ಕಡೆಗೆ ಮನುಷ್ಯರ ನೋಟ ಹೇಗಿರುತ್ತದೆ ಎಂದು ಅಳೆಯಲು ಮನೋವಿಜ್ಞಾನಿಗಳಾದ ಫಿಲಿಪ್ ಜಿಂಬಾರ್ಡೊ ಮತ್ತು ಜಾನ್ ಬಾಯ್ಡ್ 1999ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ 'ಇವತ್ತಿನಲ್ಲಿ ಬದುಕುವುದು' ಎರಡು ಬಗೆ. ಒಂದು, ಇವತ್ತಿನ ಸುಖವನ್ನು ಮನಸಾರೆ ಅನುಭವಿಸುವುದು. ಇನ್ನೊಂದು, ಏನು ಮಾಡಿದರೂ ಆಗುವುದು ಆಗಿಯೇ ತೀರುತ್ತದೆ ಎಂದು ಕೈಚೆಲ್ಲಿ ಕೂರುವುದು. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಒಳಗೆ ಅಜಗಜಾಂತರ. ಎರಡನೆಯದರ ಜೊತೆ ಖಿನ್ನತೆಯ ನಂಟು ಹೆಚ್ಚು.

ಹಾಗಾಗಿ ನನ್ನ ಪ್ರಶ್ನೆ: ಇವತ್ತು ಚೆನ್ನಾಗಿರುವುದರಿಂದ ನಾಳೆಯ ಚಿಂತೆ ಬಾರದೇ ಇದೆಯೋ, ನಾಳೆಯನ್ನು ನೆನೆದರೆ ಎದೆ ಭಾರವಾಗುತ್ತದೆಂದು ಇವತ್ತಿನೊಳಗೆ ಅಡಗಿ ಕೂತಿದ್ದೀರೋ? ಮೊದಲನೆಯದಾದರೆ ಮನೆಯವರ ಮಾತಿಗೆ ಅಷ್ಟೊಂದು ಕುಗ್ಗಬೇಡಿ. ಹತ್ತು ವರ್ಷದ ಯೋಜನೆ ಇಲ್ಲದಿದ್ದರೂ ನಡೆಯುತ್ತದೆ. ಮುಂದಿನ ಮೂರು ತಿಂಗಳಲ್ಲಿ ಕೈ ಪಳಗಬೇಕಾದ ಒಂದೇ ಒಂದು ವಿದ್ಯೆಯನ್ನು ಆರಿಸಿಕೊಳ್ಳಿ. ಎರಡನೆಯದಾದರೆ ನಂಬಿಕಸ್ಥರ ಹತ್ತಿರ ಮಾತಾಡಿ, ಆಪ್ತಸಮಾಲೋಚಕರಾದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಹ್ಯಾಲ್ ಹರ್ಷ್‌ಫೀಲ್ಡ್ ಎಂಬ ಸಂಶೋಧಕರ ಅಧ್ಯಯನಗಳಲ್ಲಿ, ಮುಂದಿನ 'ನಾನು' ಎಂಬುವಳನ್ನು ಅಪರಿಚಿತಳಂತೆ ಕಾಣುವವರು ಅವಳಿಗಾಗಿ ಏನನ್ನೂ ಎತ್ತಿಡಲು ಮುಂದಾಗುವುದು ಕಡಿಮೆ ಎಂದು ಕಂಡುಬಂದಿದೆ. 32ರ ನಿಮ್ಮಿಂದ 22ರ ನಿಮಗೆ ಒಂದು ಪುಟದ ಪತ್ರ ಬರೆದು ನೋಡಿ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾಳೆ, ಯಾರ ಜೊತೆ ಇದ್ದಾಳೆ, ಯಾವುದಕ್ಕೆ ನಿಮಗೆ ಥ್ಯಾಂಕ್ಸ್ ಹೇಳುತ್ತಾಳೆ. ಹುದ್ದೆ, ಸಂಬಳ ಬರೆಯದಿದ್ದರೂ ನಡೆಯುತ್ತದೆ. ಬರೆಯಲು ಕೂತಾಗ ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿಂದ ನಾವು ಮಾತು ಮುಂದುವರಿಸಬಹುದು, ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ನನಗೆ 61. ಚಿಕ್ಕಂದಿನಿಂದ ಈಜು ಕಲಿಯುವ ಆಸೆ. ಮೊದಲು ಕೆಲಸ, ಆಮೇಲೆ ಮಕ್ಕಳ ಓದು, ಆಮೇಲೆ ನಿವೃತ್ತಿಯಾಗಲಿ ಎಂದು ಮುಂದೂಡಿದೆ. ಈಗ ಮಂಡಿನೋವು. ಜೀವನವೆಲ್ಲ ಕಾಯುವುದರಲ್ಲೇ ಹೋಯಿತೆಂದು ಸಂಕಟವಾಗುತ್ತದೆ.

ಉತ್ತರ: ನಿಮ್ಮ ಸಂಕಟ ನಿಮ್ಮೊಬ್ಬರದೇ ಅಲ್ಲ. ಅನತ್ ಕೀನನ್ ಮತ್ತು ರಾನ್ ಕಿವೆಟ್ಸ್ ಎಂಬ ಸಂಶೋಧಕರು ಕಾಲೇಜು ದಿನಗಳ ರಜೆಯ ಬಗ್ಗೆ ಕೇಳಿದಾಗ, ಇತ್ತೀಚೆಗಷ್ಟೇ ರಜೆ ಮುಗಿಸಿದವರು ಇನ್ನಷ್ಟು ಓದಬೇಕಿತ್ತು, ದುಡಿಯಬೇಕಿತ್ತು ಎಂದರು. ಕಾಲೇಜು ಬಿಟ್ಟು 40 ವರ್ಷವಾದವರು ಇನ್ನಷ್ಟು ಸುತ್ತಾಡಬೇಕಿತ್ತು, ಖುಷಿಪಡಬೇಕಿತ್ತು ಎಂದರು. ವರ್ಷ ಕಳೆದಂತೆ ಪಶ್ಚಾತ್ತಾಪದ ಮುಖ ಹೀಗೆ ಬದಲಾಗುತ್ತದೆ. ಮಕ್ಕಳನ್ನು ಓದಿಸಿದ ವರ್ಷಗಳನ್ನು ಬರೀ ಕಾಯುವಿಕೆ ಎಂದು ಕರೆಯಲು ನನಗಂತೂ ಮನಸ್ಸಿಲ್ಲ. ಆದರೂ ನಿಮ್ಮ ದುಃಖ ನಿಜ, ಅದನ್ನು ತಳ್ಳಿಹಾಕುವುದಿಲ್ಲ.

ನೀರಿನಲ್ಲಿ ದೇಹದ ಭಾರ ಕಡಿಮೆಯಾಗುವುದರಿಂದ ಮಂಡಿಯ ಮೇಲೆ ಬೀಳುವ ಒತ್ತಡವೂ ಇಳಿಯುತ್ತದೆ. ಮಂಡಿನೋವಿದ್ದವರಿಗೆ ನೀರಿನ ವ್ಯಾಯಾಮವನ್ನು ವೈದ್ಯರೇ ಹೇಳುವುದುಂಟು. ಈ ವಾರ ವೈದ್ಯರಿಗೆ ಮಂಡಿ ತೋರಿಸಿ, ಈಜು ಕಲಿಯಬಹುದೇ, ಯಾವ ಬಗೆಯ ಈಜು ಬೇಡ ಎಂದು ಕೇಳಿ. ಅವರು ಒಪ್ಪಿದರೆ ಹಿರಿಯರಿಗೆ ಕಲಿಸಿ ರೂಢಿಯಿರುವ ತರಬೇತುದಾರರನ್ನು ಹುಡುಕಿ. ಮೊದಲ ದಿನ ಈಜಬೇಕೆಂದೇನಿಲ್ಲ. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತು, ಒಮ್ಮೆ ಮುಖ ಮುಳುಗಿಸಿ ಎದ್ದು ಬನ್ನಿ.